ಮೆಡಿಟರೇನಿಯನ್ ಹೋಟೆಲಿನಲ್ಲಿ ಊಟ: ಆರ್ಡರನ್ನು ಎರಡು ಸುತ್ತಿನಲ್ಲಿ ಕೊಡಿ

ಮೆಡಿಟರೇನಿಯನ್ ಹೋಟೆಲಿಗೆ ಹೋದವರು ಸಾಮಾನ್ಯವಾಗಿ ಹೀಗೆ ಮಾಡುತ್ತಾರೆ. ಕೂತ ಕೂಡಲೇ ತಲೆಗೊಂದರಂತೆ ಪ್ಲೇಟ್ ಹೇಳುತ್ತಾರೆ, ಜೊತೆಗೆ ಒಂದು ಹಮ್ಮಸ್, ಅಂದರೆ ಅರೆದ ಕಡಲೆಕಾಳಿನ ಬಟ್ಟಲು, ಇರಲಿ ಅನ್ನುತ್ತಾರೆ. ಎಲ್ಲವೂ ಒಟ್ಟಿಗೆ ಬಂದು ಟೇಬಲ್ ಮೇಲೆ ಜಾಗವೇ ಇಲ್ಲದಂತಾಗುತ್ತದೆ. ಬಿಸಿಬಿಸಿಯಾಗಿ ತಿನ್ನಬೇಕಾದ, ವಡೆಯಂಥ ಫಲಾಫೆಲ್ ಆರಿಹೋಗುತ್ತದೆ. ಬ್ರೆಡ್ ಗಟ್ಟಿಯಾಗುತ್ತದೆ. ಕಬಾಬಿಗೆ ಕೈ ಹಾಕುವ ಹೊತ್ತಿಗೆ ಹೊಟ್ಟೆ ತುಂಬಿರುತ್ತದೆ. ಅಡುಗೆಯವರು ಚೆನ್ನಾಗಿಯೇ ಮಾಡಿರುತ್ತಾರೆ, ಆದರೆ ತಿಂದವರಿಗೆ ಊಟ ಸರಿಹೋಗಲಿಲ್ಲ ಅನ್ನಿಸುತ್ತದೆ.

ಹಾಗಾಗಿ ಇಲ್ಲಿ ನಾನು ಹೇಳುವ ಮುಖ್ಯ ಮಾತು ಒಂದೇ. ಆರ್ಡರನ್ನು ಎರಡು ಸುತ್ತಿನಲ್ಲಿ ಕೊಡಿ, ಬಂದದ್ದನ್ನು ಎಲ್ಲರೂ ಹಂಚಿಕೊಂಡು ತಿನ್ನಿ. ಈ ಅಡುಗೆ ಹುಟ್ಟಿದ್ದೇ ಹಾಗೆ ತಿನ್ನಲಿಕ್ಕೆ. ಮನೆ ಹತ್ತಿರ ಒಂದು ಒಳ್ಳೆಯ ಮೆಡಿಟರೇನಿಯನ್ ಹೋಟೆಲ್ ಇದ್ದು, ಅಲ್ಲಿಗೆ ಆಗಾಗ ಹೋಗುವ ಆಸೆ ನಿಮಗಿದ್ದರೆ ಮುಂದಿನ ಹೆಜ್ಜೆಗಳು ಉಪಯೋಗಕ್ಕೆ ಬರುತ್ತವೆ.

1. ಅಡುಗೆ ಯಾವ ದೇಶದ್ದು ಎಂದು ಮೊದಲು ನೋಡಿ

ಬೋರ್ಡಿನಲ್ಲಿ ಮೆಡಿಟರೇನಿಯನ್ ಎಂದಿದ್ದರೂ ಒಳಗೆ ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಎಲ್ಲ ದೇಶಗಳ ಅಡುಗೆ ಸಿಗುವುದಿಲ್ಲ. ಸ್ಪೇನ್, ಇಟಲಿ, ಗ್ರೀಸ್, ಟರ್ಕಿ, ಸಿರಿಯಾ, ಲೆಬನಾನ್, ಈಜಿಪ್ಟ್, ಟುನೀಶಿಯಾ, ಮೊರಾಕೊ ಎಲ್ಲವೂ ಅದರ ದಡದಲ್ಲಿವೆ. ಇಷ್ಟೂ ಕಡೆಯ ಅಡುಗೆಯನ್ನು ಒಂದೇ ಅಡುಗೆಮನೆ ಚೆನ್ನಾಗಿ ಮಾಡುವುದು ಕಷ್ಟ. ಬಡಾವಣೆಗಳಲ್ಲಿರುವ ಇಂಥ ಸಣ್ಣ ಹೋಟೆಲುಗಳಲ್ಲಿ ಹೆಚ್ಚಾಗಿ ಕಾಣುವುದು ಲೆಬನಾನ್, ಸಿರಿಯಾ, ಪ್ಯಾಲೆಸ್ಟೀನ್, ಟರ್ಕಿ ಅಥವಾ ಗ್ರೀಸ್ ಕಡೆಯ ಅಡುಗೆ.

ಮೆನು ನೋಡಿದರೆ ಇದು ಗೊತ್ತಾಗುತ್ತದೆ. ತಬ್ಬೂಲೆ, ಫತ್ತೂಶ್, ತೂಮ್, ಶಿಶ್ ತಾವೂಕ್ ಜಾಸ್ತಿ ಇದ್ದರೆ ಲೆಬನಾನ್ ಅಥವಾ ಸಿರಿಯಾ ಕಡೆಯ ಕೈ. ತ್ಸಾತ್ಸಿಕಿ, ಸುವ್ಲಾಕಿ, ಮುಸಾಕಾ ಇದ್ದರೆ ಗ್ರೀಸ್. ಪಿದೆ, ಲಹ್ಮಜೂನ್, ಅದಾನಾ ಕಬಾಬ್, ಅಯ್ರಾನ್ ಕಂಡರೆ ಟರ್ಕಿ. ಕುಸ್‌ಕುಸ್, ತಜೀನ್, ಹರಿಸ್ಸಾ ಬಂದರೆ ಮೊರಾಕೊ, ಟುನೀಶಿಯಾ ಕಡೆ. ಎಲ್ಲವೂ ಬೆರೆತಿದ್ದರೆ ಯಾವ ಕಡೆಯ ತಿನಿಸು ಅತಿ ಹೆಚ್ಚು ಇದೆಯೋ ಅದನ್ನೇ ನಂಬಿ. ಲೆಬನಾನ್ ಹೋಟೆಲಿನಲ್ಲಿ ಒಂದೇ ಒಂದು ಪಾಸ್ತಾ ಇದ್ದರೆ ಅದು ಮಕ್ಕಳು ಹಟ ಮಾಡಿದಾಗ ಬೇಕಾಗುತ್ತದೆ ಎಂದು ಇಟ್ಟದ್ದು. ಅಲ್ಲಿಗೆ ಹೋಗಿ ಅದನ್ನು ತಿನ್ನಬೇಡಿ.

ಯುನೆಸ್ಕೊ 2010ರಲ್ಲಿ ಮೆಡಿಟರೇನಿಯನ್ ಆಹಾರ ಪದ್ಧತಿಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಆಗ ಅದರಲ್ಲಿ ಸ್ಪೇನ್, ಗ್ರೀಸ್, ಇಟಲಿ, ಮೊರಾಕೊ ಇದ್ದವು. 2013ರಲ್ಲಿ ಸೈಪ್ರಸ್, ಕ್ರೊಯೇಷಿಯಾ, ಪೋರ್ಚುಗಲ್ ಸೇರಿದವು. ಅಲ್ಲಿ ಹೇಳಿರುವುದು ಆಲಿವ್ ಎಣ್ಣೆ, ತರಕಾರಿಗಳ ವಿಷಯ ಮಾತ್ರ ಅಲ್ಲ. ಬೆಳೆಯುವುದು, ಅಡುಗೆ ಮಾಡುವುದು, ಒಟ್ಟಿಗೆ ಕೂತು ಹಂಚಿಕೊಂಡು ತಿನ್ನುವುದು, ಇಷ್ಟೂ ಸೇರಿ ಒಂದು ಪದ್ಧತಿ ಎಂದು ಪರಿಗಣಿಸಿದ್ದಾರೆ. ಹಂಚಿ ತಿನ್ನಿ ಎಂದು ನಾನು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ.

2. ಹೊತ್ತು ಮತ್ತು ಜೊತೆ

ಹೊಸದಾಗಿ ಹೋಗುವವರು ವಾರದ ನಡುವಿನ ದಿನ, ಗಿರಾಕಿಗಳ ನೂಕುನುಗ್ಗಲು ಶುರುವಾಗುವುದಕ್ಕೆ ಸ್ವಲ್ಪ ಮೊದಲು ಹೋಗುವುದು ಒಳ್ಳೆಯದು. ಬಡಿಸುವವರಿಗೆ ನಿಮ್ಮ ಪ್ರಶ್ನೆಗೆ ಉತ್ತರ ಕೊಡಲು ಬಿಡುವಿರುತ್ತದೆ. ಸಣ್ಣ ಹೋಟೆಲಿನಲ್ಲಿ ಒಂದೇ ಗ್ರಿಲ್, ಒಂದೇ ಓವನ್ ಇರುತ್ತದೆ. ಎಲ್ಲ ಟೇಬಲ್‌ಗಳೂ ತುಂಬಿದಾಗ ಅದರ ಪರಿಣಾಮ ತಟ್ಟೆಯಲ್ಲಿ ಕಾಣುತ್ತದೆ.

ಮಾಲೀಕರು ಮುಸ್ಲಿಮರಾಗಿದ್ದು ಆಗ ರಂಜಾನ್ ತಿಂಗಳಾಗಿದ್ದರೆ ಹೋಗುವ ಮುನ್ನ ಫೋನ್ ಮಾಡಿ. ಕೆಲವು ಕಡೆ ಹಗಲು ಮುಚ್ಚಿರುತ್ತಾರೆ. ಸೂರ್ಯ ಮುಳುಗುವ ಹೊತ್ತಿಗೆ ಉಪವಾಸ ಬಿಡುವವರಿಂದ ಟೇಬಲ್‌ಗಳೆಲ್ಲ ತುಂಬಿರುತ್ತವೆ. ಆದರೆ ವರ್ಷದ ಬೇರೆ ದಿನಗಳಲ್ಲಿ ಮಾಡದ ಅಡುಗೆಯನ್ನು ಆ ತಿಂಗಳು ಮಾಡುವ ಹೋಟೆಲುಗಳೂ ಇವೆ. ಅದನ್ನೂ ಫೋನಿನಲ್ಲೇ ಕೇಳಿಬಿಡಿ.

ಜೊತೆಗೆ ಮೂರರಿಂದ ಐದು ಜನ ಇದ್ದರೆ ಅನುಕೂಲ. ಇಬ್ಬರೇ ಹೋದರೆ ರುಚಿ ನೋಡಲು ಸಿಗುವ ತಿನಿಸು ಕಡಿಮೆ. ಎಂಟು ಜನ ದಾಟಿದರೆ ಟೇಬಲಿನ ಆ ತುದಿಯ ಬಟ್ಟಲು ಈ ತುದಿಗೆ ಬರುವುದೇ ಇಲ್ಲ. ಅಷ್ಟು ಜನ ಇದ್ದರೆ ಪ್ರತಿ ತಿನಿಸನ್ನೂ ಎರಡೆರಡು ತಟ್ಟೆ ಹೇಳಿ, ಎರಡೂ ತುದಿಯಲ್ಲಿ ಇಡಿಸಿ.

3. ಕೂತ ಮೇಲೆ ಮೊದಲು ಹೇಳಬೇಕಾದದ್ದು

ಏನು ತಿನ್ನುತ್ತೀರಿ ಅನ್ನುವುದಕ್ಕಿಂತ ಮುಂಚೆ ಏನು ತಿನ್ನುವುದಿಲ್ಲ ಎಂದು ಹೇಳಿ. ಅಲರ್ಜಿ ಇರುವವರಿಗೆ, ಸಸ್ಯಾಹಾರಿಗಳಿಗೆ ಈ ಹೆಜ್ಜೆ ತುಂಬಾ ಮುಖ್ಯ. ಯಾಕೆಂದರೆ ಈ ಅಡುಗೆಯಲ್ಲಿ ಕಣ್ಣಿಗೆ ಕಾಣದೆ ಸೇರಿರುವ ಪದಾರ್ಥಗಳು ಸಾಕಷ್ಟಿವೆ.

ಮೊದಲನೆಯದು ಎಳ್ಳು. ತಾಹಿನಿ ಅಂದರೆ ನುಣ್ಣಗೆ ಅರೆದ ಎಳ್ಳು. ಅದು ಹಮ್ಮಸ್‌ನಲ್ಲಿದೆ, ಸುಟ್ಟ ಬದನೆಕಾಯಿಯ ಮುತಬ್ಬಲ್‌ನಲ್ಲಿದೆ, ಫಲಾಫೆಲ್ ಮೇಲೆ ಸುರಿಯುವ ಸಾಸಿನಲ್ಲಿದೆ, ಆ ಕಡೆಯ ಹಲ್ವಾದಲ್ಲಿದೆ. ಜಾತರ್ ಎಂಬ ಒಣ ಸೊಪ್ಪಿನ ಪುಡಿಯಲ್ಲಿ ಇಡೀ ಎಳ್ಳು ಇರುತ್ತದೆ. ಎಳ್ಳಿನ ಅಲರ್ಜಿ ಕೆಲವರಿಗೆ ಪ್ರಾಣಕ್ಕೇ ಅಪಾಯ ತರುವಂಥದ್ದು. ಅಮೆರಿಕದಲ್ಲಿ ಪ್ಯಾಕೆಟ್ ಆಹಾರದ ಮೇಲೆ ಎಳ್ಳನ್ನು ಅಲರ್ಜಿ ಪದಾರ್ಥವೆಂದು ನಮೂದಿಸುವುದು 2023ರ ಜನವರಿ 1ರಿಂದ ಕಡ್ಡಾಯವಾಗಿದೆ. ಯುರೋಪಿಯನ್ ಒಕ್ಕೂಟದ 14 ಅಲರ್ಜಿ ಪದಾರ್ಥಗಳ ಪಟ್ಟಿಯಲ್ಲೂ ಎಳ್ಳು ಇದೆ. ಹೋಟೆಲಿನ ಬಟ್ಟಲಿಗೆ ಪ್ಯಾಕೆಟ್ಟಿನ ಲೇಬಲ್ ಇರುವುದಿಲ್ಲ, ಹಾಗಾಗಿ ನೀವೇ ಕೇಳಬೇಕು. ಅಲರ್ಜಿ ಜೋರಾಗಿದ್ದರೆ, ತಾಹಿನಿ ಮುಟ್ಟಿದ ಚಮಚ ಬೇರೆ ಕಡೆ ಹೋಗುತ್ತದೆಯೇ ಎಂದು ನೇರವಾಗಿ ಅಡುಗೆಯವರ ಹತ್ತಿರವೇ ಕೇಳಿಸಿ.

ಗೋಧಿ ತಿನ್ನಬಾರದವರು ಪೀಟಾ ಬ್ರೆಡ್ ಬಿಟ್ಟರೆ ಸಾಕು ಎಂದುಕೊಳ್ಳುತ್ತಾರೆ. ಸಾಲದು. ತಬ್ಬೂಲೆಯಲ್ಲಿರುವ ಬುಲ್ಗುರ್ ಗೋಧಿಯನ್ನು ಬೇಯಿಸಿ, ಒಣಗಿಸಿ, ನುರಿದದ್ದು. ಕುಸ್‌ಕುಸ್ ಕೂಡ ಗೋಧಿಯದ್ದೇ. ಲೆಬನಾನ್ ಕಡೆಯ ಅನ್ನದಲ್ಲಿ ಹುರಿದ ಗೋಧಿ ಶಾವಿಗೆ ಸೇರಿಸುವುದು ರೂಢಿ. ಕೆಂಪು ಮೆಣಸಿನಕಾಯಿಯ ಮುಹಮ್ಮರಾದಲ್ಲಿ ಬ್ರೆಡ್ ಪುಡಿ ಇರುತ್ತದೆ, ಜೊತೆಗೆ ವಾಲ್‌ನಟ್ ಕೂಡ. ಕೆಲವರು ಫಲಾಫೆಲ್ ಒಡೆಯದಿರಲಿ ಎಂದು ಹಿಟ್ಟು ಸೇರಿಸುತ್ತಾರೆ.

ಸಸ್ಯಾಹಾರಿಗಳು ಕೇಳಬೇಕಾದ ಪ್ರಶ್ನೆಗಳು ಬೇರೆ. ಅನ್ನವನ್ನು, ಬೇಳೆ ಸೂಪನ್ನು ಕೋಳಿ ಬೇಯಿಸಿದ ನೀರಿನಲ್ಲಿ ಮಾಡಿದ್ದಾರಾ? ದ್ರಾಕ್ಷಿ ಎಲೆಯಲ್ಲಿ ಸುತ್ತಿದ ದೊಲ್ಮಾದೊಳಗೆ ಬರೀ ಅನ್ನವಾ, ಮಾಂಸವೂ ಇದೆಯಾ? ಎರಡು ರೀತಿಯೂ ಇದೆ. ಫಲಾಫೆಲ್ ಕರಿಯುವ ಎಣ್ಣೆಯಲ್ಲೇ ಮೀನು, ಕೋಳಿ ಕರಿಯುತ್ತಾರಾ? ಫೆಟಾ, ಹಲ್ಲೂಮಿ ಚೀಸಿಗೆ ಹಾಲು ಒಡೆಸಲು ಬಳಸುವ ರೆನೆಟ್ ಕರುವಿನ ಹೊಟ್ಟೆಯಿಂದ ತೆಗೆದದ್ದಾ, ಇಲ್ಲವಾ? ಇದು ಪ್ರಾಣಿ ಮೂಲದ್ದೂ ಇರಬಹುದು, ಇಲ್ಲದೆಯೂ ಇರಬಹುದು. ಗ್ರೀಕ್ ಮೆನುವಿನಲ್ಲಿ ತರಮಾಸಲಾಟಾ ಎಂಬ ತಿಳಿ ಗುಲಾಬಿ ಬಟ್ಟಲು ಕಂಡರೆ ಅದು ಮೀನಿನ ಮೊಟ್ಟೆಯದ್ದು. ನೋಡಿದರೆ ಮೊಸರಿನದ್ದು ಅನ್ನಿಸುತ್ತದೆ, ಅದಕ್ಕೇ ಈ ಎಚ್ಚರಿಕೆ. ಗ್ರೀಸ್‌ನ ಮುಸಾಕಾದಲ್ಲಿ ಬದನೆಕಾಯಿಯ ಪದರಗಳ ನಡುವೆ ಕೊಚ್ಚಿದ ಮಾಂಸ ಇರುತ್ತದೆ. ಲೆಬನಾನ್ ಕಡೆ ಇದರ ಹತ್ತಿರದ ಹೆಸರಿನ ತಿನಿಸು ಬದನೆಕಾಯಿ, ಟೊಮೆಟೊ, ಕಡಲೆಕಾಳಿನದ್ದು, ಪೂರ್ತಿ ಸಸ್ಯಾಹಾರ.

ಇಷ್ಟೆಲ್ಲ ಕೇಳಿದರೆ ಬೇಸರ ಮಾಡಿಕೊಳ್ಳುತ್ತಾರೇನೋ ಎಂಬ ಸಂಕೋಚ ಬೇಡ. ಒಳ್ಳೆಯ ಹೋಟೆಲಿನವರು ಒಳಗೆ ಹೋಗಿ ವಿಚಾರಿಸಿಕೊಂಡು ಬಂದು ಹೇಳುತ್ತಾರೆ. ಸುಮ್ನೆ 'ಏನೂ ಆಗಲ್ಲ ಬಿಡಿ' ಅನ್ನುವ ಕಡೆ ಅಲರ್ಜಿ ಇರುವವರು ತಿನ್ನದಿರುವುದೇ ಕ್ಷೇಮ.

4. ಮೊದಲ ಸುತ್ತು: ತಣ್ಣನೆಯ ಬಟ್ಟಲುಗಳು ಮತ್ತು ಬ್ರೆಡ್

ಈಗ ಆರ್ಡರ್. ಮೊದಲ ಸುತ್ತಿನಲ್ಲಿ ತಣ್ಣನೆಯ ಮೆಜ್ಜೆ ಮಾತ್ರ ಹೇಳಿ, ಅಂದರೆ ಹಂಚಿ ತಿನ್ನುವ ಸಣ್ಣ ಬಟ್ಟಲುಗಳು. ನಾಲ್ಕು ಜನಕ್ಕೆ ಮೂರು ಬಟ್ಟಲು ಸಾಕು, ಇಬ್ಬರಿಗೆ ಎರಡು. ಉಳಿದದ್ದನ್ನು ಆಮೇಲೆ ಹೇಳುತ್ತೇವೆ ಎಂದು ತಿಳಿಸಿ, ಮೆನುವನ್ನು ಟೇಬಲ್ ಮೇಲೇ ಇಟ್ಟುಕೊಳ್ಳಿ. ತೆಗೆದುಕೊಂಡು ಹೋಗಲು ಬಂದರೆ ಇರಲಿ ಅನ್ನಿ.

ಮೂರು ಬಟ್ಟಲು ಆರಿಸುವಾಗ ಒಂದು ಗಟ್ಟಿ, ಒಂದು ಹುಳಿ, ಒಂದು ಹಸಿರು ಎಂದು ನೆನಪಿಟ್ಟುಕೊಳ್ಳಿ. ಹಮ್ಮಸ್, ಮುತಬ್ಬಲ್, ತಾಹಿನಿ ಮೂರನ್ನೂ ಹೇಳಿದರೆ ಮೂರರಲ್ಲೂ ಎಳ್ಳು, ನಿಂಬೆ, ಬೆಳ್ಳುಳ್ಳಿಯದೇ ರುಚಿ. ಅದರ ಬದಲು ಹಮ್ಮಸ್, ಮುಹಮ್ಮರಾ, ಫತ್ತೂಶ್ ಹೇಳಿ ನೋಡಿ. ಒಂದು ತಿಂದ ಮೇಲೆ ಇನ್ನೊಂದು ಹೊಸದು ಅನ್ನಿಸುತ್ತದೆ.

ಹಮ್ಮಸ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಆ ಅಡುಗೆಮನೆ ಹೇಗಿದೆ ಎಂದು ಅದೊಂದೇ ಬಟ್ಟಲಿನಿಂದ ತಿಳಿಯಬಹುದು. ಅದರಲ್ಲಿ ಇರುವುದು ಬೆಂದ ಕಡಲೆಕಾಳು, ತಾಹಿನಿ, ನಿಂಬೆರಸ, ಬೆಳ್ಳುಳ್ಳಿ, ಉಪ್ಪು, ಇಷ್ಟೇ. ಮುಚ್ಚಿಡಲು ಮಸಾಲೆ ಇಲ್ಲ. ಕಾಳು ಬೆರಳಲ್ಲಿ ಒತ್ತಿದರೆ ಕರಗುವಷ್ಟು ಬೆಂದಿರಬೇಕು. ಅದಕ್ಕಾಗಿ ಅಡುಗೆಯವರು ನೆನೆಸುವಾಗಲೋ ಬೇಯಿಸುವಾಗಲೋ ಸ್ವಲ್ಪ ಅಡುಗೆ ಸೋಡಾ ಹಾಕುತ್ತಾರೆ. ಕಾಳು ಪೂರ್ತಿ ಬೆಂದಿಲ್ಲದಿದ್ದರೆ ಎಷ್ಟು ಅರೆದರೂ ನಾಲಿಗೆಗೆ ಮರಳುಮರಳು ಅನ್ನಿಸುತ್ತದೆ. ತಾಹಿನಿ ಕಡಿಮೆ ಹಾಕಿದರೆ ಹಿಟ್ಟುಹಿಟ್ಟಾಗುತ್ತದೆ, ಹಳೆಯ ತಾಹಿನಿಯಾದರೆ ಕೊನೆಯಲ್ಲಿ ಕಹಿ ಉಳಿಯುತ್ತದೆ. ಫ್ರಿಜ್‌ನಿಂದ ನೇರವಾಗಿ ತಂದಿಟ್ಟ ಹಮ್ಮಸ್ ಗಟ್ಟಿಯಾಗಿ, ರುಚಿ ಮಂಕಾಗಿ ಇರುತ್ತದೆ. ಉಗುರುಬೆಚ್ಚಗೆ ಅಥವಾ ಕೋಣೆಯ ಉಷ್ಣತೆಯಲ್ಲಿ ಬಂದರೆ ಅವತ್ತಿನ ಅಡುಗೆಗೆ ಮನಸ್ಸಿಟ್ಟಿದ್ದಾರೆ ಎಂದು ತಿಳಿಯಿರಿ. ಹಮ್ಮಸ್ ಚೆನ್ನಾಗಿದ್ದರೆ ಎರಡನೇ ಸುತ್ತಿನಲ್ಲಿ ಧೈರ್ಯವಾಗಿ ಮುಂದೆ ಹೋಗಿ. ಚೆನ್ನಾಗಿಲ್ಲದಿದ್ದರೆ ಗ್ರಿಲ್‌ನಿಂದ ಒಂದೆರಡು ಮಾತ್ರ ಹೇಳಿ.

ಮೇಲೆ ಸುರಿದ ಎಣ್ಣೆಯನ್ನೂ ಗಮನಿಸಿ. ಎಕ್ಸ್‌ಟ್ರಾ ವರ್ಜಿನ್ ಎಂದು ಕರೆಸಿಕೊಳ್ಳುವ ಆಲಿವ್ ಎಣ್ಣೆಯಲ್ಲಿ ಆಮ್ಲದ ಅಂಶ ಶೇಕಡಾ 0.8 ದಾಟುವಂತಿಲ್ಲ. ಒಳ್ಳೆಯ ಎಣ್ಣೆಯಲ್ಲಿ ಹಸಿ ವಾಸನೆ ಇರುತ್ತದೆ. ನುಂಗಿದ ಮೇಲೆ ಗಂಟಲಲ್ಲಿ ಸಣ್ಣ ಕಾರ ತಟ್ಟುತ್ತದೆ, ಒಮ್ಮೊಮ್ಮೆ ಕೆಮ್ಮೂ ಬರಬಹುದು. ಅದು ದೋಷ ಅಲ್ಲ. ಎಣ್ಣೆಯಲ್ಲಿರುವ ಓಲಿಯೋಕ್ಯಾಂಥಾಲ್ ಎಂಬ ಪದಾರ್ಥ ಗಂಟಲನ್ನು ಹಾಗೆ ಮುಟ್ಟುತ್ತದೆ.

ಸುಟ್ಟ ಬದನೆಕಾಯಿಯ ಬಟ್ಟಲು ಸಾಮಾನ್ಯವಾಗಿ ಎರಡು ಥರ. ತಾಹಿನಿ ಬೆರೆಸಿದ್ದು ಮುತಬ್ಬಲ್. ಲೆಬನಾನ್, ಸಿರಿಯಾ ಕಡೆ ಬಾಬಾ ಗನೂಶ್ ಅಂದರೆ ಹೆಚ್ಚಾಗಿ ತಾಹಿನಿ ಇಲ್ಲದೆ ಟೊಮೆಟೊ, ಪಾರ್ಸ್ಲಿ ಸೊಪ್ಪು, ದಾಳಿಂಬೆ ರಸದ ಪಾಕ ಸೇರಿಸಿದ್ದು. ಬೇರೆ ಕಡೆಗಳಲ್ಲಿ ತಾಹಿನಿ ಇರುವುದನ್ನೂ ಇದೇ ಹೆಸರಿನಲ್ಲಿ ಕೊಡುತ್ತಾರೆ. ಹಾಗಾಗಿ ಹೆಸರು ನೋಡಿ ಆರ್ಡರ್ ಮಾಡದೆ ಕೇಳಿ ಮಾಡಿ. ಎರಡರಲ್ಲೂ ಹೊಗೆಯ ವಾಸನೆ ಬರಬೇಕು. ಬದನೆಕಾಯಿಯನ್ನು ಬೆಂಕಿಯ ಮೇಲೆ ಸಿಪ್ಪೆ ಕಪ್ಪಾಗುವವರೆಗೆ ಸುಟ್ಟರೆ ಮಾತ್ರ ಅದು ಬರುತ್ತದೆ.

ತಬ್ಬೂಲೆ ಬಂದಾಗ ಬಣ್ಣ ನೋಡಿ. ಅದು ಪಾರ್ಸ್ಲಿ ಸೊಪ್ಪಿನ ಸಲಾಡ್. ಹಸಿರು ತುಂಬಿ, ಬುಲ್ಗುರ್ ಅಲ್ಲಲ್ಲಿ ಕಾಣಬೇಕು. ಬಟ್ಟಲೆಲ್ಲ ಕಂದು ಬಣ್ಣದ ನುಚ್ಚೇ ಇದ್ದರೆ ಸೊಪ್ಪು ಕೊಚ್ಚುವ ಶ್ರಮ ಉಳಿಸಿದ್ದಾರೆ ಎಂದರ್ಥ. ಫತ್ತೂಶ್‌ನಲ್ಲಿ ಗರಿಗರಿಯಾದ ಬ್ರೆಡ್ ಚೂರುಗಳಿರುತ್ತವೆ, ಮೇಲೆ ಸುಮಾಕ್ ಎಂಬ ಹುಳಿ ಹಣ್ಣಿನ ಕೆಂಪು ಪುಡಿ. ಅದನ್ನು ಬಂದ ಕೂಡಲೇ ತಿನ್ನಬೇಕು. ಹತ್ತು ನಿಮಿಷ ಬಿಟ್ಟರೆ ಬ್ರೆಡ್ ಮೆತ್ತಗಾಗುತ್ತದೆ.

ಲಬ್ನೆ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರು ಬಸಿದದ್ದು. ಹುಳಿ, ಉಪ್ಪು, ಎಣ್ಣೆ ಮೂರೂ ಸಮವಾಗಿದ್ದರೆ ಮಕ್ಕಳೂ ಇಷ್ಟಪಡುತ್ತಾರೆ. ಮುಹಮ್ಮರಾ ಸಿರಿಯಾದ ಅಲೆಪ್ಪೊ ನಗರಕ್ಕೆ ಹೆಸರಾದ ತಿನಿಸು. ಸುಟ್ಟ ಕೆಂಪು ಮೆಣಸಿನಕಾಯಿ, ವಾಲ್‌ನಟ್, ದಾಳಿಂಬೆ ಪಾಕ ಸೇರಿ ಸಿಹಿ, ಹುಳಿ, ಕಾರ ಒಟ್ಟಿಗೆ ಬರುತ್ತವೆ. ಮೆನುವಿನಲ್ಲಿ ಇದ್ದರೆ ಬಿಡಬೇಡಿ. ಇದನ್ನು ಮನಸ್ಸಿಟ್ಟು ಮಾಡುವವರ ಉಳಿದ ಅಡುಗೆಯೂ ಚೆನ್ನಾಗಿರುತ್ತದೆ ಎಂಬುದು ನನ್ನ ನಂಬಿಕೆ.

ಇನ್ನು ಬ್ರೆಡ್. ಪೀಟಾ ತುಂಬಾ ಬಿಸಿಯಾದ ಓವನ್‌ನಲ್ಲಿ ಬೇಯುತ್ತದೆ. ಹಿಟ್ಟಿನಲ್ಲಿರುವ ನೀರು ಒಮ್ಮೆಲೇ ಆವಿಯಾಗಿ ಎರಡು ಪದರವನ್ನು ದೂರ ತಳ್ಳುತ್ತದೆ, ಬ್ರೆಡ್ ಉಬ್ಬುತ್ತದೆ. ಉಬ್ಬಿದ್ದು ಇಳಿಯುವ ಮೊದಲೇ ಟೇಬಲಿಗೆ ಬಂದರೆ ಅದಕ್ಕಿಂತ ಇನ್ನೇನು ಬೇಕು. ಒಮ್ಮೆಗೇ ಬುಟ್ಟಿ ತುಂಬ ತರಿಸಬೇಡಿ. ಸ್ವಲ್ಪ ಸ್ವಲ್ಪ ತನ್ನಿ, ಬಿಸಿಯಾಗಿ ತನ್ನಿ ಎಂದು ಹೇಳಿ. ಸಣ್ಣ ತುಂಡು ಹರಿದು, ಅದರಲ್ಲೇ ಬಾಚಿಕೊಂಡು ತಿನ್ನಬೇಕು. ಕಚ್ಚಿದ ತುಂಡನ್ನು ಮತ್ತೆ ಎಲ್ಲರ ಬಟ್ಟಲಿಗೆ ಅದ್ದಬೇಡಿ. ಮುಜುಗರ ಅನ್ನಿಸಿದರೆ ನಿಮ್ಮ ತಟ್ಟೆಗೆ ಒಂದು ಚಮಚ ಹಾಕಿಕೊಳ್ಳಿ. ಬ್ರೆಡ್ಡಿನಿಂದಲೇ ಹೊಟ್ಟೆ ತುಂಬಿಸಿಕೊಳ್ಳುವುದು ಇಲ್ಲಿ ಬಹಳ ಸುಲಭ, ಅಲ್ಲಿ ಸ್ವಲ್ಪ ಕೈ ಬಿಗಿ ಹಿಡಿಯಿರಿ.

ಬದಿಯಲ್ಲಿ ಗುಲಾಬಿ ಬಣ್ಣದ ಉಪ್ಪಿನಕಾಯಿ ಬಂದರೆ ಅದು ಟರ್ನಿಪ್ ಗೆಡ್ಡೆ. ಬಣ್ಣ ಬೀಟ್‌ರೂಟ್ ತುಂಡಿನದು. ಎಣ್ಣೆ, ತಾಹಿನಿ ತಿಂದು ನಾಲಿಗೆ ಜಡವಾದಾಗ ಒಂದು ತುಂಡು ಕಚ್ಚಿ. ಆಲಿವ್ ಕಾಯಿಯಲ್ಲಿ ಬೀಜ ಇರಬಹುದು, ಮಕ್ಕಳಿಗೆ ಕೊಡುವಾಗ ನೋಡಿ ಕೊಡಿ.

5. ಎರಡನೇ ಸುತ್ತು: ಬಿಸಿಯದ್ದು

ಮೊದಲ ಬಟ್ಟಲುಗಳು ಅರ್ಧಕ್ಕಿಂತ ಕೆಳಗೆ ಇಳಿದಾಗ ಎರಡನೇ ಸುತ್ತು ಹೇಳಿ. ಪೂರ್ತಿ ಖಾಲಿ ಆಗುವವರೆಗೆ ಕಾಯಬೇಡಿ. ಗ್ರಿಲ್‌ನಿಂದ ಬರಲು ಹೊತ್ತು ಹಿಡಿಯುತ್ತದೆ. ಜೊತೆಗೆ, ಉಳಿದ ಹಮ್ಮಸ್, ಮೊಸರು ಬಿಸಿ ತಿನಿಸಿಗೆ ನೆಂಚಿಕೊಳ್ಳಲು ಬೇಕಾಗುತ್ತದೆ. ಖಾಲಿ ಬಟ್ಟಲನ್ನು ಮಾತ್ರ ತೆಗೆಯಲು ಹೇಳಿ. ಈ ಹೊತ್ತಿಗೆ ಹಸಿವು ಎಷ್ಟಿದೆ ಎಂದು ಎಲ್ಲರಿಗೂ ಗೊತ್ತಾಗಿರುತ್ತದೆ. ನಾಲ್ಕು ಜನಕ್ಕೆ ಎರಡು ಬಿಸಿ ಮೆಜ್ಜೆ, ಎರಡು ದೊಡ್ಡ ತಟ್ಟೆ ಬೇಕಾದಷ್ಟಾಯಿತು.

ಫಲಾಫೆಲ್ ತಿನ್ನುವುದಿದ್ದರೆ ಇದೇ ಸಮಯ. ಲೆಬನಾನ್, ಸಿರಿಯಾ ಕಡೆ ಕಡಲೆಕಾಳನ್ನು ನೆನೆಸಿ, ಬೇಯಿಸದೆ, ಹಸಿಯಾಗಿಯೇ ಸೊಪ್ಪಿನ ಜೊತೆ ರುಬ್ಬಿ ಕರಿಯುತ್ತಾರೆ. ಈಜಿಪ್ಟ್‌ನಲ್ಲಿ ಫಾವಾ ಅವರೆಯಿಂದ ಮಾಡುತ್ತಾರೆ. ಮುರಿದರೆ ಹೊರಗೆ ಗಟ್ಟಿ ಕಂದು, ಒಳಗೆ ಹಗುರ, ಸೊಪ್ಪು ಹಾಕಿದ್ದರೆ ಹಸಿರು ಕಾಣಬೇಕು. ಒಳಗೆ ಅಂಟಂಟಾಗಿದ್ದರೆ ಬೇಯಿಸಿದ ಕಾಳು ಬಳಸಿರಬಹುದು. ಕರಿದು ಇಟ್ಟದ್ದು ಬೇಡ, ಈಗ ಕರಿದು ಕೊಡಿ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಹಲ್ಲೂಮಿ ಸೈಪ್ರಸ್ ದೇಶದ ಚೀಸ್. 2021ರಿಂದ ಯುರೋಪಿಯನ್ ಒಕ್ಕೂಟದಲ್ಲಿ ಆ ಹೆಸರು ಸೈಪ್ರಸ್‌ನಲ್ಲಿ ಮಾಡಿದ ಚೀಸಿಗೆ ಮಾತ್ರ. ಕಾವಲಿಯ ಮೇಲಿಟ್ಟರೆ ಕರಗದೆ ಕೆಂಪಗೆ ಹುರಿಯುತ್ತದೆ. ತಣ್ಣಗಾದರೆ ರಬ್ಬರಿನಂತಾಗುತ್ತದೆ, ಹಾಗಾಗಿ ಬಂದ ಕ್ಷಣವೇ ತಿನ್ನಿ. ಫೆಟಾ ಹೆಸರಿಗೂ 2002ರಿಂದ ಇಂಥದ್ದೇ ರಕ್ಷಣೆ ಇದೆ. ಅದು ಗ್ರೀಸ್‌ನದು, ಕುರಿ ಹಾಲಿನದು, ಹೆಚ್ಚೆಂದರೆ ಶೇಕಡಾ 30ರಷ್ಟು ಮೇಕೆ ಹಾಲು ಸೇರಬಹುದು. ಹಸುವಿನ ಹಾಲಿನ ಬಿಳಿ ಚೀಸ್ ಕೊಡುವ ಹೋಟೆಲುಗಳೂ ಇವೆ. ಅದರಲ್ಲಿ ಹುಳಿ, ವಾಸನೆ ಸ್ವಲ್ಪ ಕಡಿಮೆ.

ಮಾಂಸ ತಿನ್ನುವವರಿಗೆ ಶವರ್ಮಾ ಪರಿಚಿತ. ನೇರ ನಿಂತ ಕಂಬಿಯಲ್ಲಿ ಮಾಂಸದ ಪದರಗಳು ತಿರುಗುತ್ತಾ ಬೇಯುವ ಈ ಪದ್ಧತಿ 19ನೇ ಶತಮಾನದಲ್ಲಿ ಒಟ್ಟೊಮನ್ ಆಳ್ವಿಕೆಯ ಕಾಲದಲ್ಲಿ ಬೆಳೆಯಿತು. ಟರ್ಕಿಯ ದೊನೆರ್, ಅರಬ್ ದೇಶಗಳ ಶವರ್ಮಾ, ಗ್ರೀಸ್‌ನ ಯೀರೋಸ್ ಒಂದೇ ಮನೆತನದವು. ಇದರ ರುಚಿ ಹೊರಗಿನ ಕೆಂಪಾದ ಪದರದಲ್ಲಿದೆ. ಗಿರಾಕಿ ಜಾಸ್ತಿಯಾದಾಗ ಹೊರಪದರ ಕೆಂಪಾಗುವ ಮೊದಲೇ ಕತ್ತರಿಸಬೇಕಾಗುತ್ತದೆ, ಮಾಂಸ ಮೆತ್ತಗೆ ಬರುತ್ತದೆ. ಬೆಂದು ಗರಿಯಾದ ಭಾಗ ಕೊಡಿ, ನಾವು ಕಾಯುತ್ತೇವೆ ಎಂದು ಹೇಳಿದರೆ ಸಾಮಾನ್ಯವಾಗಿ ಖುಷಿಯಿಂದಲೇ ಒಪ್ಪುತ್ತಾರೆ.

ಶಿಶ್ ತಾವೂಕ್ ಮೊಸರು, ನಿಂಬೆ, ಬೆಳ್ಳುಳ್ಳಿಯಲ್ಲಿ ನೆನೆಸಿ ಸುಟ್ಟ ಕೋಳಿ. ಅದರ ಜೊತೆ ತೂಮ್ ಇರಲೇಬೇಕು. ಬೆಳ್ಳುಳ್ಳಿಯನ್ನು ಉಪ್ಪಿನೊಂದಿಗೆ ಅರೆದು, ಎಣ್ಣೆಯನ್ನು ಹನಿಹನಿಯಾಗಿ ಸೇರಿಸುತ್ತಾ, ನಡುವೆ ನಿಂಬೆರಸ ಹಾಕುತ್ತಾ ಬೆಣ್ಣೆಯಂತೆ ಬಿಳಿಯಾಗಿಸುತ್ತಾರೆ. ಹಳೆಯ ಪದ್ಧತಿಯಲ್ಲಿ ಮೊಟ್ಟೆ ಇಲ್ಲ, ಕೆಲವು ಅಡುಗೆಮನೆಗಳಲ್ಲಿ ಮೊಟ್ಟೆಯ ಬಿಳಿ ಹಾಕುತ್ತಾರೆ. ಬೇಡವಾದವರು ಕೇಳಿಕೊಳ್ಳಿ. ತುಂಬಾ ಖಡಕ್ಕಾಗಿರುತ್ತದೆ, ಚಮಚದ ತುದಿಯಷ್ಟರಿಂದ ಶುರು ಮಾಡಿ.

ಕಿಬ್ಬೆಯಲ್ಲೂ ಎರಡು ಬಗೆ. ಕರಿದ ಕಿಬ್ಬೆ ಬುಲ್ಗುರ್ ಮತ್ತು ಮಾಂಸದ ಉಂಡೆ. ಕಿಬ್ಬೆ ನಯ್ಯೆ ಮಾತ್ರ ಹಸಿ ಮಾಂಸ. ಗರ್ಭಿಣಿಯರು, ಸಣ್ಣ ಮಕ್ಕಳು, ವಯಸ್ಸಾದವರು ಅದನ್ನು ತಿನ್ನಬಾರದು.

ಒಲೆಯಲ್ಲಿ ಬೇಯುವ ಮುಸಾಕಾ, ಮಣ್ಣಿನ ಪಾತ್ರೆಯಲ್ಲಿ ನಿಧಾನವಾಗಿ ಬೇಯಿಸುವ ತಜೀನ್‌ನಂಥವನ್ನು ಅವತ್ತೇ ಮಾಡಿದ್ದಾ ಎಂದು ಕೇಳಬೇಕಿಲ್ಲ. ಮುಸಾಕಾ ಸ್ವಲ್ಪ ಆರಿದ ಮೇಲೆಯೇ ಪದರ ಬಿಡದೆ ಕತ್ತರಿಸಲು ಬರುತ್ತದೆ. ಅದು ಸುಡುಬಿಸಿಯಾಗಿ ಬಂದಿಲ್ಲ ಎಂದು ವಾಪಸ್ ಕಳಿಸಬೇಡಿ.

6. ಕುಡಿಯಲು

ಕಬಾಬಿನ ಜೊತೆಗೆ ಅಯ್ರಾನ್ ಚೆನ್ನ, ಮೊಸರಿಗೆ ನೀರು, ಉಪ್ಪು ಹಾಕಿ ಕಡೆದದ್ದು. ಹುಳಿ ಬಟ್ಟಲುಗಳ ಜೊತೆಗೆ ಪುದೀನ ಹಾಕಿದ ನಿಂಬೆ ಪಾನಕ. ಅರಕ್, ಊಝೊ, ರಕಿ ಎಂಬ ಸೋಂಪಿನ ವಾಸನೆಯ ಮದ್ಯಗಳಿಗೆ ನೀರು ಸೇರಿಸಿದರೆ ಹಾಲಿನಂತೆ ಬೆಳ್ಳಗಾಗುತ್ತವೆ. ಸೋಂಪಿನ ಎಣ್ಣೆ ನೀರಿನಲ್ಲಿ ಕರಗದೆ ಹನಿಗಳಾಗಿ ಹರಡುವುದು ಇದಕ್ಕೆ ಕಾರಣ. ಕುಡಿಯುವವರು ಮೆಲ್ಲಗೆ, ತಣ್ಣನೆಯ ಮೆಜ್ಜೆಯ ಜೊತೆಗೇ ಕುಡಿಯಬೇಕು. ಮದ್ಯ ಇಡದ ಹೋಟೆಲುಗಳೂ ಬಹಳ ಇವೆ. ಅಲ್ಲಿಗೆ ಹೊರಗಿನಿಂದ ಮದ್ಯವನ್ನು ಕೇಳದೆ ತರಬೇಡಿ.

7. ಸಿಹಿ ಮತ್ತು ಕಾಫಿ

ಕುನಾಫಾ ಬೇಕಿದ್ದರೆ ಎರಡನೇ ಸುತ್ತಿನ ಜೊತೆಗೇ ಹೇಳಿಬಿಡಿ. ಪ್ಯಾಲೆಸ್ಟೀನ್‌ನ ನಾಬ್ಲುಸ್ ನಗರ ಇದಕ್ಕೆ ಹೆಸರುವಾಸಿ. ಕೆಳಗೆ ಚೀಸ್, ಮೇಲೆ ಎಳೆಎಳೆಯಾದ ಹಿಟ್ಟು ಅಥವಾ ರವೆಯ ಪದರ, ಅದರ ಮೇಲೆ ಸಕ್ಕರೆ ಪಾಕ. ಬಿಸಿಯಿದ್ದಾಗ ಚೀಸ್ ಎಳೆಯಾಗಿ ಬರುತ್ತದೆ, ಆರಿದರೆ ಗಟ್ಟಿಯಾಗುತ್ತದೆ. ಆ ಹೊತ್ತಿಗೇ ಬಿಸಿ ಮಾಡಿ ಕೊಡುವ ಕಡೆ ಕಾಯುವುದು ಸಾರ್ಥಕ.

ಬಕ್ಲಾವಾ ತಣ್ಣಗಿದ್ದರೂ ಚೆನ್ನ. ಟರ್ಕಿಯ ಗಾಜಿಯಾಂಟೆಪ್ ಊರಿನ ಬಕ್ಲಾವಾಕ್ಕೆ 2013ರಲ್ಲಿ ಯುರೋಪಿಯನ್ ಒಕ್ಕೂಟದ ಭೌಗೋಳಿಕ ಗುರುತು ಸಿಕ್ಕಿತು. ಚಮಚ ಒತ್ತಿದಾಗ ಮೇಲಿನ ಪದರಗಳು ಸದ್ದು ಮಾಡಬೇಕು, ತಳ ಮಾತ್ರ ಪಾಕ ಕುಡಿದಿರಬೇಕು. ಒಂದು ತುಂಡನ್ನು ಇಬ್ಬರು ಹಂಚಿಕೊಂಡರೂ ಸಾಕು, ಅಷ್ಟು ಸಿಹಿ.

ಟರ್ಕಿಶ್ ಕಾಫಿಗೆ ಸಕ್ಕರೆಯನ್ನು ಕುದಿಸುವಾಗಲೇ ಹಾಕುತ್ತಾರೆ. ಹಾಗಾಗಿ ಎಷ್ಟು ಸಕ್ಕರೆ ಎಂದು ಆರ್ಡರ್ ಮಾಡುವಾಗಲೇ ಹೇಳಬೇಕು. ಕಾಫಿಯನ್ನು ಸೋಸುವುದಿಲ್ಲ. ಕಪ್ ಬಂದ ಮೇಲೆ ಒಂದೆರಡು ನಿಮಿಷ ಬಿಡಿ, ಪುಡಿ ತಳಕ್ಕೆ ಕೂರುತ್ತದೆ. ಕಲಕಬೇಡಿ, ಕೊನೆಯ ಗುಟುಕು ಬಿಟ್ಟುಬಿಡಿ. ಬಕ್ಲಾವಾದ ಜೊತೆಗಾದರೆ ಸಕ್ಕರೆ ಇಲ್ಲದ ಕಾಫಿಯೇ ಸರಿ.

8. ಬಿಲ್ ಮತ್ತು ಉಳಿದದ್ದು

ಬಿಲ್ಲಿನಲ್ಲಿ ಸೇವಾ ಶುಲ್ಕ ಸೇರಿದೆಯೇ ನೋಡಿ, ಆಮೇಲೆ ಟಿಪ್ಸ್ ಬಗ್ಗೆ ತೀರ್ಮಾನಿಸಿ. ಹಂಚಿ ತಿಂದ ಊಟದ ಬಿಲ್ಲನ್ನು ಸಮವಾಗಿ ಭಾಗ ಮಾಡುವುದೇ ಸುಲಭ. ಆದರೆ ಮಾಂಸ, ಮದ್ಯ ಮುಟ್ಟದವರಿದ್ದರೆ ಅದನ್ನು ಬೇರೆ ಲೆಕ್ಕ ಹಾಕುವುದು ನ್ಯಾಯ.

ಉಳಿದದ್ದನ್ನು ಕಟ್ಟಿಸಿಕೊಳ್ಳುವಾಗ ಒದ್ದೆ, ಒಣ ಬೇರೆ ಬೇರೆ ಡಬ್ಬಿಯಲ್ಲಿ ಹಾಕಿಸಿ. ಹಮ್ಮಸ್, ಮುತಬ್ಬಲ್, ಕಬಾಬ್, ಅನ್ನ ಮನೆಗೆ ಒಯ್ಯಬಹುದು. ಫತ್ತೂಶ್ ಒಯ್ದು ಪ್ರಯೋಜನವಿಲ್ಲ, ಅಲ್ಲೇ ಮುಗಿಸಿ. ಬಡಿಸಿ ಎರಡು ಗಂಟೆಯೊಳಗೆ ಫ್ರಿಜ್ ಸೇರಬೇಕು, ಹೊರಗೆ 32 ಡಿಗ್ರಿಗಿಂತ ಹೆಚ್ಚು ಬಿಸಿಲಿದ್ದರೆ ಒಂದೇ ಗಂಟೆ. ಊಟ ಮುಗಿಸಿ ಸಿನಿಮಾಕ್ಕೆ ಹೋಗುವುದಿದ್ದರೆ ಕಟ್ಟಿಸಿಕೊಳ್ಳಲೇಬೇಡಿ. ಫ್ರಿಜ್‌ನಲ್ಲಿ ಮೂರು, ನಾಲ್ಕು ದಿನ ಇಡಬಹುದು. ಮಾಂಸ, ಅನ್ನವನ್ನು ಒಳಗಿನವರೆಗೂ ಹೊಗೆಯಾಡುವಷ್ಟು ಬಿಸಿ ಮಾಡಿ, ಅಂದರೆ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಫಲಾಫೆಲ್‌ಗೆ ಮೈಕ್ರೋವೇವ್ ಬೇಡ, ಓವನ್ ಅಥವಾ ಬಾಣಲೆಯಲ್ಲಿ ಬಿಸಿ ಮಾಡಿದರೆ ಮತ್ತೆ ಗರಿಯಾಗುತ್ತದೆ. ಹಮ್ಮಸ್‌ ತಿನ್ನುವ ಅರ್ಧ ಗಂಟೆ ಮೊದಲು ಫ್ರಿಜ್‌ನಿಂದ ತೆಗೆದು, ಒಂದು ಚಮಚ ಬಿಸಿ ನೀರು ಹಾಕಿ ಕಲಸಿ.

9. ಮತ್ತೆ ಹೋದಾಗ

ಒಂದು ಹೋಟೆಲ್ ನೆಚ್ಚಿನದಾಗಬೇಕಾದರೆ ಅದರ ಮೆನುವನ್ನು ನಿಧಾನವಾಗಿ ತಿಳಿದುಕೊಳ್ಳಬೇಕು. ಪ್ರತಿ ಸಲ ಮೊದಲ ಸುತ್ತಿನಲ್ಲಿ ಎರಡು ಗೊತ್ತಿರುವ ಬಟ್ಟಲು, ಒಂದು ಹೊಸದು ಹೇಳಿ. ಹೊಸದು ಸರಿಹೋಗದಿದ್ದರೂ ಊಟ ಕೆಡುವುದಿಲ್ಲ. ಏನಾದರೂ ಚೆನ್ನಾಗಿಲ್ಲದಿದ್ದರೆ ತಿಂದು ಮುಗಿಸಿದ ಮೇಲೆ ಗೊಣಗುವ ಬದಲು ತಟ್ಟೆ ಮುಂದಿರುವಾಗಲೇ ಮೆಲ್ಲಗೆ ಹೇಳಿ. ಆಗ ಸರಿಮಾಡಿ ಕೊಡಲು ಅವರಿಗೂ ಅವಕಾಶ ಇರುತ್ತದೆ. ಚೆನ್ನಾಗಿದ್ದರೆ ಆ ತಿನಿಸಿನ ಹೆಸರು ಹಿಡಿದು ಹೇಳಿ. 'ಊಟ ಚೆನ್ನಾಗಿತ್ತು' ಅನ್ನುವುದಕ್ಕಿಂತ 'ಇವತ್ತು ಬದನೆಕಾಯಿ ಚೆನ್ನಾಗಿ ಸುಟ್ಟಿದ್ದಿರಿ' ಅಂದರೆ ಅಡುಗೆಯವರಿಗೆ ಮುಟ್ಟುತ್ತದೆ.

ಪರಿಚಯ ಆದ ಮೇಲೆ ಇನ್ನೊಂದು ಪ್ರಶ್ನೆ ಕೇಳಬಹುದು: ನಿಮ್ಮ ಮನೆಯವರಿಗೆ ಇವತ್ತು ಏನು ಮಾಡಿದ್ದೀರಿ? ಮನೆಯವರೇ ನಡೆಸುವ ಹೋಟೆಲುಗಳಲ್ಲಿ ಮೆನುವಿನಲ್ಲಿ ಇಲ್ಲದ ಒಂದು ಪಾತ್ರೆ ಒಲೆಯ ಮೇಲೆ ಇರುವುದುಂಟು. ಅಕ್ಕಿ, ಬೇಳೆ, ಹುರಿದ ಈರುಳ್ಳಿ ಸೇರಿಸಿ ಮಾಡುವ ಮುಜದ್ದರಾ ಇರಬಹುದು, ಬೀನ್ಸ್ ಹಾಕಿದ ಟೊಮೆಟೊ ಸಾರು ಇರಬಹುದು. ಇದನ್ನು ಕೇಳಲು ಒಳ್ಳೆಯ ಸಮಯ ಮಧ್ಯಾಹ್ನದ ಗಿರಾಕಿ ಕರಗಿದ ಮೇಲೆ, ಅವರು ತಾವೇ ಊಟಕ್ಕೆ ಕೂರುವ ಹೊತ್ತಿಗೆ. ಕೊಟ್ಟರೆ ಬೆಲೆ ಕೇಳಿ ಕೊಟ್ಟುಬಿಡಿ, ಬೇಡ ಎಂದರೂ ಬಿಲ್ಲಿಗೆ ಸೇರಿಸಲು ಹೇಳಿ.